ಆನ್‌ಲೈನ್ ಖಾಸಗಿತನ, ನಂಬಬಹುದಾದ ಸುದ್ದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಕಷ್ಟದವು ಕೊನೆಗೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಹೆಜ್ಜೆಗಳು

ನಾನೇನೂ ತಪ್ಪು ಮಾಡಿಲ್ಲ, ಮುಚ್ಚಿಡೋಕೆ ಏನಿದೆ? ಇದೆಲ್ಲ ಯಾಕೆ ಬೇಕು?

ಬಚ್ಚಲುಮನೆಗೆ ಬಾಗಿಲು ಇಟ್ಟುಕೊಳ್ಳುವುದು ತಪ್ಪು ಮಾಡಿದ್ದೇವೆ ಎಂದಲ್ಲ. ನಿಮ್ಮ ಹುಟ್ಟಿದ ದಿನ, ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಮಗಳು ಓದುವ ಶಾಲೆ ಒಂದೊಂದೂ ಬಿಡಿಬಿಡಿಯಾಗಿ ಸಣ್ಣ ಸಂಗತಿ. ಒಟ್ಟಿಗೆ ಸಿಕ್ಕರೆ ವಂಚಕ ಬ್ಯಾಂಕಿನವನಂತೆಯೇ ಮಾತಾಡಬಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಕಾಗದದ ಮೇಲಿದೆ. ಅದನ್ನು ದಿನನಿತ್ಯ ಕಾಯುವ ಕೆಲಸ ಮಾತ್ರ ನಮ್ಮದೇ.

ಒಂದು ಗಂಟೆ ಬಿಡುವಿದೆ ಅಷ್ಟೆ. ಏನು ಮಾಡಿದರೆ ಹೆಚ್ಚು ಲಾಭ?

ಇದೇ ಅನುಕ್ರಮದಲ್ಲಿ ಮಾಡಿ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ. ಇಮೇಲ್ ಖಾತೆಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಕೊಡಿ. ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಇಮೇಲ್ ಮೂಲಕವೇ ಹೋಗುವುದರಿಂದ ಅದು ಮನೆಯ ಹೆಬ್ಬಾಗಿಲು ಇದ್ದಂತೆ. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಆರು ಅಂಕಿಯ ಪಿನ್ ಹಾಕಿ. ಕೊನೆಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ (ನಿಮ್ಮ ಬೆರಳಚ್ಚನ್ನು ಬೇರೆಯವರು ಬಳಸದಂತೆ ಹಾಕುವ ಬೀಗ, ಹೇಗೆಂದು ಕೆಳಗಿದೆ). ವಿಪಿಎನ್ (ನೀವು ಹೋಗುವ ತಾಣಗಳನ್ನು ಇಂಟರ್‌ನೆಟ್ ಕಂಪನಿಯಿಂದ ಮರೆಮಾಡುವ ಸೇವೆ), ಹೊಸ ಬ್ರೌಸರ್ ಎಲ್ಲ ಆಮೇಲೆ. ಬಹಳ ಜನ ವಿಪಿಎನ್‌ನಿಂದಲೇ ಶುರು ಮಾಡುತ್ತಾರೆ. ಅದು ಹಿತ್ತಲ ಬೇಲಿಗೆ ಬಣ್ಣ ಬಳಿದು ಮುಂಬಾಗಿಲು ತೆರೆದಿಟ್ಟಂತೆ.

ಇಪ್ಪತ್ತು ಪಾಸ್‌ವರ್ಡ್ ನೆನಪಿಡೋದು ಹೇಗೆ? ಡೈರಿಯಲ್ಲಿ ಬರೆದಿಟ್ಟರೆ ತಪ್ಪಾ?

ಮನೆಯ ಬೀರುವಿನಲ್ಲಿರುವ ಡೈರಿ ತಪ್ಪಲ್ಲ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ವಾಸಿ, ಏಕೆಂದರೆ ಬೇರೆ ದೇಶದ ಕಳ್ಳ ನಿಮ್ಮ ಬೀರು ತೆರೆಯಲಾರ. ಡೈರಿಯನ್ನು ಚೀಲದಲ್ಲಿ ಹಾಕಿಕೊಂಡು ಓಡಾಡಬೇಡಿ, ಅಷ್ಟೆ.

ಇದಕ್ಕಿಂತ ಅನುಕೂಲದ ದಾರಿ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ನಿಮ್ಮ ಬದಲು ನೆನಪಿಡುವ ತಂತ್ರಾಂಶ. ನಮ್ಮ ಮೊದಲ ಶಿಫಾರಸು ಬಿಟ್‌ವಾರ್ಡನ್. ಮುಕ್ತ ಆಕರದ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದಾದ) ತಂತ್ರಾಂಶ, ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಫೋನು ಮತ್ತು ಕಂಪ್ಯೂಟರ್ ಎರಡರಲ್ಲೂ ಬಳಸಬಹುದು. ಇಂಟರ್‌ನೆಟ್ಟಿಗೆ ಹಾಕುವುದೇ ಬೇಡ ಎನ್ನುವವರಿಗೆ ಕಂಪ್ಯೂಟರಿನಲ್ಲಿ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್‌ನಲ್ಲಿ ಕೀಪಾಸ್‌ಡಿಎಕ್ಸ್ ಇವೆ. ಇವು ಪಾಸ್‌ವರ್ಡ್‌ಗಳನ್ನು ಬೀಗ ಹಾಕಿದ ಒಂದೇ ಕಡತದಲ್ಲಿ ಇಡುತ್ತವೆ. ಆ ಕಡತದ ನಕಲನ್ನು ಪೆನ್‌ಡ್ರೈವಿನಲ್ಲಿ ಇಡುವ ಜವಾಬ್ದಾರಿ ನಿಮ್ಮದು.

ಮ್ಯಾನೇಜರ್ ತೆರೆಯಲು ಒಂದು ಮುಖ್ಯ ಪಾಸ್‌ವರ್ಡ್ ಬೇಕು. ನಿಘಂಟನ್ನು ಕಣ್ಣುಮುಚ್ಚಿ ಐದು ಕಡೆ ತೆರೆದು ಸಿಕ್ಕ ಐದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆಯಿರಿ. ಕನ್ನಡ ಲಿಪಿಯಲ್ಲಿ ಇಟ್ಟರೆ ಬೇರೆಯವರ ಕಂಪ್ಯೂಟರಿನಲ್ಲಿ ಟೈಪ್ ಮಾಡಲಾಗದೆ ಸಿಕ್ಕಿಬೀಳುತ್ತೀರಿ. ವಚನದ ಸಾಲು, ಗಾದೆ, ಸಿನಿಮಾ ಹಾಡಿನ ಪಲ್ಲವಿ ಬೇಡ. ನಿಮಗೆ ನೆನಪಿರುವಂತೆಯೇ ಅವು ಲಕ್ಷಾಂತರ ಜನರಿಗೂ ನೆನಪಿವೆ. ಈ ಪಾಸ್‌ವರ್ಡ್ ಮರೆತರೆ ಬಿಟ್‌ವಾರ್ಡನ್ ಕಂಪನಿಯೂ ತೆರೆದುಕೊಡಲಾರದು. ಹಾಗಾಗಿ ಚೀಟಿಯಲ್ಲಿ ಬರೆದು ಮನೆ ಪತ್ರಗಳ ಜೊತೆ ಇಡಿ.

ನನ್ನ ಮಾಹಿತಿ ಸೋರಿಕೆ ಆಗಿದೆಯಾ ಅಂತ ತಿಳಿಯೋದು ಹೇಗೆ?

ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಕೊಟ್ಟು ನೋಡಿ. ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು, ಉಚಿತ. ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್‌ನಿಂದ 2020ರಲ್ಲಿ ಸೋರಿದ ಎರಡು ಕೋಟಿಗೂ ಹೆಚ್ಚು ಗ್ರಾಹಕರ ವಿವರ ಸಹ ಅಲ್ಲಿ ದಾಖಲಾಗಿದೆ. ಸೋರಿಕೆ ಆಗಿದೆ ಎಂದು ತೋರಿಸಿದರೆ ಗಾಬರಿ ಬೇಡ. ಯಾವ ತಾಣದಿಂದ ಸೋರಿತು ಎಂದು ಅಲ್ಲೇ ಬರೆದಿರುತ್ತದೆ. ಆ ತಾಣದ ಪಾಸ್‌ವರ್ಡನ್ನೂ ಅದೇ ಪಾಸ್‌ವರ್ಡ್ ಇಟ್ಟ ಬೇರೆ ಖಾತೆಗಳನ್ನೂ ಬದಲಿಸಿ. "ನಿಮ್ಮ ಪಾಸ್‌ವರ್ಡ್ ಗಟ್ಟಿಯಿದೆಯೇ ಪರೀಕ್ಷಿಸಿ" ಎನ್ನುವ ಅಪರಿಚಿತ ತಾಣಗಳಲ್ಲಿ ಮಾತ್ರ ಪಾಸ್‌ವರ್ಡ್ ಟೈಪ್ ಮಾಡಲೇಬೇಡಿ.

ಒಟಿಪಿ ಬರುತ್ತಲ್ಲ, ಅದು ಸಾಲದಾ?

ಇಲ್ಲದಿರುವುದಕ್ಕಿಂತ ಒಳ್ಳೆಯದು. ಆದರೆ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆದುಕೊಂಡವನಿಗೆ ಒಟಿಪಿ ಹೋಗುತ್ತದೆ, ಎಸ್‌ಎಂಎಸ್ ಓದುವ ಅನುಮತಿ ಪಡೆದ ಕೆಟ್ಟ ಆ್ಯಪ್ ಅದನ್ನು ಓದುತ್ತದೆ, ಫೋನಿನಲ್ಲಿ ಕೇಳಿದರೆ ನೀವೇ ಹೇಳಿಬಿಡಬಹುದು. ಬ್ಯಾಂಕುಗಳಲ್ಲಿ ಹೆಚ್ಚಾಗಿ ಎಸ್‌ಎಂಎಸ್ ಬಿಟ್ಟು ದಾರಿಯಿಲ್ಲ. ಇಮೇಲ್ ಮತ್ತು ಸಾಮಾಜಿಕ ಜಾಲತಾಣಗಳಿಗೆ 30 ಸೆಕೆಂಡಿಗೊಮ್ಮೆ ಆರಂಕಿ ಬದಲಾಗುವ ಆ್ಯಪ್ ಬಳಸಿ. ಆಂಡ್ರಾಯ್ಡ್‌ಗೆ ಏಜಿಸ್, ಐಫೋನ್ ಸೇರಿ ಎಲ್ಲದಕ್ಕೂ ಎಂಟೆ ಆತ್ (ಮಲಯಾಳಂನಲ್ಲಿ ಎಂಟೆ ಎಂದರೆ ನನ್ನ). ಆ್ಯಪ್ ಹಾಕಿದ ದಿನವೇ ಬ್ಯಾಕಪ್ ಕೋಡ್‌ಗಳನ್ನು (ಫೋನ್ ಕೈಲಿಲ್ಲದಾಗ ಖಾತೆ ತೆರೆಯುವ ಸಂಖ್ಯೆಗಳು) ಪ್ರಿಂಟ್ ತೆಗೆಯಿರಿ. ಗೂಗಲ್ ಹತ್ತು ಕೋಡ್ ಕೊಡುತ್ತದೆ. ಈ ಒಂದು ಹೆಜ್ಜೆ ಬಿಟ್ಟವರೇ ಫೋನ್ ಕಳೆದ ದಿನ ಖಾತೆಯನ್ನೂ ಕಳೆದುಕೊಳ್ಳುವುದು.

ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ಲಾಗಿನ್ ಆಗುವ ಪಾಸ್‌ಕೀ ಎಂಬ ಆಯ್ಕೆ ಕಂಡರೆ ಧಾರಾಳವಾಗಿ ಒಪ್ಪಿ. ಅದು ಅಸಲಿ ತಾಣದ ವಿಳಾಸಕ್ಕೆ ಮಾತ್ರ ಕೆಲಸ ಮಾಡುವುದರಿಂದ ನಕಲಿ ತಾಣ ನಿಮ್ಮನ್ನು ನಂಬಿಸಿದರೂ ಪಾಸ್‌ಕೀಯನ್ನು ನಂಬಿಸಲಾರದು.

## ಆಧಾರ್, ಸಿಮ್, ಹಣ

ಜೆರಾಕ್ಸ್ ಅಂಗಡಿಗೆ ಆಧಾರ್ ವಾಟ್ಸ್ಆ್ಯಪ್ ಮಾಡಿ ಪ್ರಿಂಟ್ ತಗೋತೀವಿ. ಅಪಾಯ ಇದೆಯಾ?

ಇದೆ. ಅಂಗಡಿಯವರು ಎಷ್ಟೇ ಒಳ್ಳೆಯವರಾದರೂ ಅವರ ಫೋನಿನಲ್ಲಿ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಊರಿನ ಅರ್ಧ ಜನರ ಆಧಾರ್ ಬಿದ್ದಿರುತ್ತದೆ. ಮೈಆಧಾರ್ ತಾಣದಲ್ಲಿ ಇ-ಆಧಾರ್ ಇಳಿಸಿಕೊಳ್ಳುವಾಗ ಮಾಸ್ಕ್ಡ್ ಆಧಾರ್ ಎಂಬುದಕ್ಕೆ ಟಿಕ್ ಹಾಕಿ. 12 ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಲಾಡ್ಜು, ಬಾಡಿಗೆ ಮನೆ, ಕೊರಿಯರ್ ಇಂಥ ಕಡೆ ಇದನ್ನೇ ಕೊಡಿ. ಜೆರಾಕ್ಸ್ ಪ್ರತಿಯ ಮೇಲೆ "ಇಂಥ ಕೆಲಸಕ್ಕೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ ಅಡ್ಡಗೆರೆ ಎಳೆಯಿರಿ.

ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾಗಿ ಬಂದರೆ ಪ್ರಿಂಟ್ ಕೈಗೆ ಬಂದ ಕೂಡಲೇ ಡಿಲೀಟ್ ಫಾರ್ ಎವ್ರಿವನ್ ಒತ್ತಿ. ಅಂಗಡಿಯ ಕಂಪ್ಯೂಟರಿಗೆ ಇಳಿದ ಪ್ರತಿ ಇದರಿಂದ ಅಳಿಯುವುದಿಲ್ಲ, ಅಲ್ಲಿಯೂ ಅಳಿಸಲು ಬಾಯಿಬಿಟ್ಟು ಕೇಳಿ. ಅರ್ಜಿ ಹಾಕಿಸುವಾಗ ಸೈಬರ್ ಸೆಂಟರಿನವರು ಒಟಿಪಿ ಕೇಳಿದರೆ ಆ ಎಸ್‌ಎಂಎಸ್‌ನಲ್ಲಿ ಯಾವ ಕೆಲಸಕ್ಕೆ ಒಟಿಪಿ ಎಂದು ಬರೆದಿದೆ ಎಂಬುದನ್ನು ಪೂರ್ತಿ ಓದಿ ಆಮೇಲೆ ಹೇಳಿ.

ಬೆರಳಚ್ಚು ಕದ್ದು ಬ್ಯಾಂಕಿನಿಂದ ಹಣ ತೆಗೀತಾರಂತೆ, ನಿಜಾನಾ?

ನಿಜ. ಆಧಾರ್ ಆಧಾರಿತ ಪಾವತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ಒಟಿಪಿ ಬೇಡ, ಪಿನ್ ಬೇಡ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು.

ತಡೆಯುವ ಉಪಾಯ ಉಚಿತ. ಅಧಿಕೃತ ಆಧಾರ್ ಆ್ಯಪ್‌ನಲ್ಲಿ ಅಥವಾ ಮೈಆಧಾರ್ ತಾಣದಲ್ಲಿ ಲಾಗಿನ್ ಆಗಿ ಬಯೋಮೆಟ್ರಿಕ್ ಲಾಕ್ ಒತ್ತಿ. ಅಡ್ಡಪರಿಣಾಮ ಒಂದುಂಟು: ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರಕ್ಕೆ ಹೆಬ್ಬೆಟ್ಟು ಒತ್ತಿದಾಗ, ಹೊಸ ಸಿಮ್ ಕೊಳ್ಳುವಾಗ ಯಂತ್ರ ಒಪ್ಪುವುದಿಲ್ಲ. ಹೊರಡುವ ಮುಂಚೆ ಅದೇ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿಕೊಳ್ಳಬೇಕು. ಮನೆಯ ಪಡಿತರ ತರುವ ಹಿರಿಯರಿಗೆ ಇದನ್ನು ತಿಳಿಸದೆ ಲಾಕ್ ಮಾಡಬೇಡಿ, ಸಾಲಿನಲ್ಲಿ ನಿಂತು ಬರಿಗೈಲಿ ಬರುತ್ತಾರೆ. ಲಾಕ್‌ಗೆ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಸಂದೇಹ ಇದ್ದರೆ ಆಧಾರ್ ಸಹಾಯವಾಣಿ 1947.

ನನ್ನ ಹೆಸರಲ್ಲಿ ಬೇರೆಯವರು ಸಿಮ್ ತಗೊಂಡಿದ್ದಾರಾ ಅಂತ ನೋಡಬಹುದಾ?

ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಮೊಬೈಲ್ ಸಂಖ್ಯೆ, ಒಟಿಪಿ ಕೊಟ್ಟರೆ ನಿಮ್ಮ ಹೆಸರಿನ ಎಲ್ಲ ಸಂಖ್ಯೆಗಳು ಕಾಣುತ್ತವೆ. ಗೊತ್ತಿಲ್ಲದ ಸಂಖ್ಯೆಯ ಮುಂದೆ "ಇದು ನನ್ನದಲ್ಲ" ಎಂದು ಗುರುತಿಸಿ. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ ಗರಿಷ್ಠ ಒಂಬತ್ತು ಸಿಮ್ ಇರಬಹುದು. ಕಳೆದುಹೋದ ಫೋನನ್ನು ಯಾವ ಸಿಮ್ ಹಾಕಿದರೂ ಕೆಲಸ ಮಾಡದಂತೆ ತಡೆಯುವುದೂ ಅಲ್ಲೇ. ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಐಎಂಇಐ (ಫೋನಿನ ಗುರುತಿನ) ಸಂಖ್ಯೆ ಬೇಕು. ಈಗಲೇ *#06# ಒತ್ತಿ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ, ಫೋನು ಕಳೆದ ಮೇಲೆ ಒತ್ತಲು ಫೋನೇ ಇರುವುದಿಲ್ಲ.

ಹಣ ಬರೋಕೆ ಯುಪಿಐ ಪಿನ್ ಹಾಕಿ ಅಂತಾರೆ. ಹಾಕಬೇಕಾ?

ಬೇಡ. ಪಿನ್ ಬೇಕಾಗುವುದು ಹಣ ಕಳಿಸಲು ಮತ್ತು ಬಾಕಿ ನೋಡಲು. ಹಣ ಪಡೆಯಲು ಎಂದೂ ಬೇಡ.

ಮದುವೆ ಕರೆಯೋಲೆ ಅಂತ ಫೈಲ್ ಬಂತು, ಒತ್ತಿಬಿಟ್ಟೆ. ಈಗ ಏನು ಮಾಡಲಿ?

ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಚಿತ್ರವೂ ಅಲ್ಲ, ಕರೆಯೋಲೆಯೂ ಅಲ್ಲ, ಆ್ಯಪ್. ಟ್ರಾಫಿಕ್ ದಂಡ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಿನಲ್ಲೂ ಇಂಥವು ಬರುತ್ತವೆ. ಒತ್ತಿ ಇನ್‌ಸ್ಟಾಲ್ ಮಾಡದೆ ಬಿಟ್ಟಿದ್ದರೆ ಅಳಿಸಿದರೆ ಸಾಕು. ಇನ್‌ಸ್ಟಾಲ್ ಆಗಿದ್ದರೆ ಹೀಗೆ ಮಾಡಿ:

1. ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆರಿಸಿ. ಈ ಆ್ಯಪ್ ನಿಮ್ಮ ಒಟಿಪಿಗಳನ್ನು ವಂಚಕರಿಗೆ ರವಾನಿಸುತ್ತದೆ, ಸಂಪರ್ಕ ಕಡಿದರೆ ರವಾನೆ ನಿಲ್ಲುತ್ತದೆ.
2. ಮನೆಯವರ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡು, ಯುಪಿಐ ತಡೆಹಿಡಿಸಿ.
3. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಪಟ್ಟಿ ತೆರೆದು ಗೊತ್ತಿಲ್ಲದ ಆ್ಯಪ್‌ನ ಅನುಮತಿ ತೆಗೆಯಿರಿ. ಅನುಮತಿ ಇರುವಾಗ ಅದು ಅನ್‌ಇನ್‌ಸ್ಟಾಲ್ ಆಗಲು ಬಿಡುವುದಿಲ್ಲ. ಆಮೇಲೆ ಅಳಿಸಿ.
4. ಫೋಟೋಗಳನ್ನಷ್ಟೇ ನಕಲು ಮಾಡಿಕೊಂಡು ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿ. ಅಳಿಸಿದ್ದೇ ಸಾಕೆಂದು ಬಿಡಬೇಡಿ.
5. ಕರೆಗಳು ಬೇರೆ ಸಂಖ್ಯೆಗೆ ಹೋಗುತ್ತಿವೆಯೇ ಎಂದು *#21# ಒತ್ತಿ ನೋಡಿ. ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.
6. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.

ಹಣ ಹೋಗೇಬಿಡ್ತು. ಯಾರಿಗೆ ಹೇಳಬೇಕು?

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ಸ್ಟೇಷನ್ನಿಗೆ ಓಡುವ ಮುಂಚೆ ಈ ಕರೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಹೋಗುತ್ತಾರೆ, ದಾಟುವ ಮುಂಚೆ ತಡೆಹಿಡಿಸಿದರೆ ಮಾತ್ರ ವಾಪಸ್ ಬರುವ ಸಾಧ್ಯತೆ. ಕರೆ ಮಾಡುವಾಗ ಮೊತ್ತ, ವಹಿವಾಟಿನ ಸಂಖ್ಯೆ, ಸಮಯ, ಬ್ಯಾಂಕಿನ ಹೆಸರು ಕೈಲಿರಲಿ. ಆಮೇಲೆ ಬ್ಯಾಂಕಿಗೆ ಲಿಖಿತ ದೂರು, ಕೇಂದ್ರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಒಟಿಪಿ ನೀವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಮನೆಯವರಿಗೂ ಹೇಳದೆ ಕೂರಬೇಡಿ. ಓದಿದವರು, ಅಧಿಕಾರಿಗಳು ಎಲ್ಲರೂ ಮೋಸ ಹೋಗಿದ್ದಾರೆ.

ವಿಡಿಯೊ ಕರೆಯಲ್ಲಿ ಪೊಲೀಸರಂತೆ ನಟಿಸಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿದರೆ ಕರೆ ಕಡಿಯಿರಿ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ.

## ಫೋನಿನ ಒಳಗೆ

ಯಾವ ಆ್ಯಪ್‌ಗೆ ಯಾವ ಪರ್ಮಿಶನ್ ಕೊಡಬೇಕು?

ಆ್ಯಪ್ ಮಾಡುವ ಕೆಲಸಕ್ಕೂ ಕೇಳುವ ಅನುಮತಿಗೂ ಸಂಬಂಧ ಇದೆಯೇ ಎಂದು ನೋಡಿ. ಟಾರ್ಚ್ ಆ್ಯಪ್‌ಗೆ ಸಂಪರ್ಕ ಪಟ್ಟಿ ಏಕೆ? ಸಾಲ ಕೊಡುವ ಆ್ಯಪ್ ಫೋಟೋ ಗ್ಯಾಲರಿ ಕೇಳಿದರೆ ಅದು ನಾಳೆ ಬೆದರಿಸಲು ಎಂದೇ ತಿಳಿಯಿರಿ. ಸ್ಥಳದ ಅನುಮತಿ "ಬಳಸುವಾಗ ಮಾತ್ರ" ಎಂದಿರಲಿ, ಆಂಡ್ರಾಯ್ಡ್ 12ರಿಂದ ಅಂದಾಜು ಸ್ಥಳ ಕೊಡುವ ಆಯ್ಕೆಯೂ ಇದೆ. ಅತ್ಯಂತ ಅಪಾಯದ್ದು ಆ್ಯಕ್ಸೆಸಿಬಿಲಿಟಿ. ಅದು ಪರದೆಯ ಮೇಲಿನದನ್ನೆಲ್ಲ ಓದಿ ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲದು. ಗೂಗಲ್ ಸೆಟ್ಟಿಂಗ್ಸ್‌ನ ಜಾಹೀರಾತು ವಿಭಾಗದಲ್ಲಿ ಜಾಹೀರಾತು ಐಡಿಯನ್ನು ಅಳಿಸಿಬಿಡಿ, ಆ್ಯಪ್‌ಗಳು ನಿಮ್ಮನ್ನು ಒಂದೇ ಗುರುತಿನಿಂದ ಹಿಂಬಾಲಿಸುವುದು ತಪ್ಪುತ್ತದೆ.

ಕನ್ನಡ ಕೀಬೋರ್ಡ್ ನಾವು ಬರೆದಿದ್ದನ್ನೆಲ್ಲ ಓದುತ್ತಾ?

ಕೀಬೋರ್ಡ್ ಓದಬಲ್ಲದು. ಪಾಸ್‌ವರ್ಡ್ ಸಹ ಅದರ ಮೂಲಕವೇ ಹೋಗುತ್ತದೆ. ಜಾಹೀರಾತು ತೋರಿಸುವ, ಯಾರು ಮಾಡಿದ್ದೆಂದು ತಿಳಿಯದ ಕನ್ನಡ ಕೀಬೋರ್ಡುಗಳನ್ನು ಇಂದೇ ತೆಗೆಯಿರಿ. ಮುಕ್ತ ಆಕರದ ಹೆಲಿಬೋರ್ಡ್‌ಗೆ ಇಂಟರ್‌ನೆಟ್ ಅನುಮತಿಯೇ ಇಲ್ಲ, ಬರೆದದ್ದು ಹೊರಗೆ ಹೋಗುವ ದಾರಿಯೇ ಇಲ್ಲ. ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಮಳಿಗೆಯಲ್ಲಿ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ರೂಢಿಯವರಿಗೆ ಇಂಡಿಕ್ ಕೀಬೋರ್ಡ್ ಇದೆ.

ವಾಟ್ಸ್ಆ್ಯಪ್, ಟೆಲಿಗ್ರಾಂ, ಸಿಗ್ನಲ್ ಮೂರರಲ್ಲಿ ಯಾವುದು ಒಳ್ಳೇದು?

ಸಿಗ್ನಲ್. ಲಾಭಕ್ಕಾಗಿ ನಡೆಯದ ಸಂಸ್ಥೆಯದು, ಅದು ನಿಮ್ಮ ಸಂದೇಶ ಓದಲಾರದು, ಅಷ್ಟೇ ಅಲ್ಲ, ನೀವು ಯಾರೊಂದಿಗೆ ಮಾತಾಡುತ್ತೀರಿ ಎಂಬ ದಾಖಲೆಯನ್ನೂ ಇಟ್ಟುಕೊಳ್ಳುವುದಿಲ್ಲ. 2024ರಿಂದ ಮೊಬೈಲ್ ಸಂಖ್ಯೆ ತೋರಿಸದೆ ಬಳಕೆದಾರ ಹೆಸರಿನಿಂದಲೂ ಮಾತಾಡಬಹುದು.

ವಾಟ್ಸ್ಆ್ಯಪ್ 2016ರಿಂದ ಸಿಗ್ನಲ್‌ನದೇ ಗೂಢಲಿಪಿ ವಿಧಾನ ಬಳಸುತ್ತಿದೆ, ಸಂದೇಶದ ಒಳಗನ್ನು ಅದರ ಒಡೆಯ ಕಂಪನಿ ಮೆಟಾ ಓದಲಾರದು. ಆದರೆ ಯಾರು ಯಾರಿಗೆ ಯಾವಾಗ ಎಂಬುದು ಅದಕ್ಕೆ ತಿಳಿದಿರುತ್ತದೆ. ಬಹಳ ಜನ ಮರೆಯುವುದು ಬ್ಯಾಕಪ್: ಚಾಟ್ಸ್, ಚಾಟ್ ಬ್ಯಾಕಪ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ (ನಡುವಿನ ಯಾರೂ ಓದಲಾಗದ) ಬ್ಯಾಕಪ್ ಆನ್ ಮಾಡದಿದ್ದರೆ ಗೂಗಲ್ ಡ್ರೈವಿನಲ್ಲಿರುವ ಪ್ರತಿಗೆ ಆ ರಕ್ಷಣೆ ಇಲ್ಲ.

ಟೆಲಿಗ್ರಾಂ ಬಗ್ಗೆ ತಪ್ಪು ನಂಬಿಕೆ ಹೆಚ್ಚು. ಅದರ ಮಾಮೂಲಿ ಚಾಟ್ ಮತ್ತು ಗುಂಪುಗಳಿಗೆ ಎಂಡ್-ಟು-ಎಂಡ್ ರಕ್ಷಣೆ ಇಲ್ಲವೇ ಇಲ್ಲ, ಸೀಕ್ರೆಟ್ ಚಾಟ್ ಎಂದು ಬೇರೆಯಾಗಿ ತೆರೆದರೆ ಮಾತ್ರ ಇದೆ. ಚಾನೆಲ್ ಓದಲು ಬಳಸಿ, ಗುಟ್ಟು ಮಾತಾಡಲು ಬೇಡ.

ನಾವು ವಿದೇಶದಲ್ಲಿದ್ದೀವಿ. ಊರಲ್ಲಿರೋ ಅಪ್ಪ ಅಮ್ಮನ ಫೋನನ್ನು ಭದ್ರ ಮಾಡೋದು ಹೇಗೆ?

ರಜೆಗೆ ಬಂದಾಗ ಒಂದು ಸಂಜೆ ಇದಕ್ಕೇ ಇಡಿ. ಆ್ಯಪ್ ಅಪ್‌ಡೇಟ್ ತಾನಾಗಿ ಆಗುವಂತೆ ಮಾಡಿ. ಬ್ರೌಸರಿಗೆ, ವಾಟ್ಸ್ಆ್ಯಪ್‌ಗೆ "ಅಪರಿಚಿತ ಆ್ಯಪ್ ಇನ್‌ಸ್ಟಾಲ್" ಅನುಮತಿ ತೆಗೆಯಿರಿ. ವಾಟ್ಸ್ಆ್ಯಪ್‌ನ ಪ್ರೈವಸಿಯಲ್ಲಿ ಗುಂಪಿಗೆ ಸೇರಿಸುವುದು "ನನ್ನ ಸಂಪರ್ಕಗಳು ಮಾತ್ರ" ಎಂದಿರಲಿ, ಸೈಲೆನ್ಸ್ ಅನ್‌ನೋನ್ ಕಾಲರ್ಸ್ ಆನ್ ಮಾಡಿ. ಪಿಂಚಣಿ ಮತ್ತು ಠೇವಣಿ ಇರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ದಿನಸಿ, ಔಷಧಿ ಖರ್ಚಿನ ಸಣ್ಣ ಖಾತೆಯೊಂದನ್ನು ಜೋಡಿಸಿ, ತಿಂಗಳಿಗೊಮ್ಮೆ ತುಂಬಿಸಿ.

ದನಿ ನಕಲು ಮಾಡುವ ತಂತ್ರ ಈಗ ಸುಲಭವಾಗಿದೆ. "ಅಮ್ಮಾ, ಆ್ಯಕ್ಸಿಡೆಂಟ್ ಆಗಿದೆ, ಹಣ ಕಳಿಸು" ಎಂದು ನಿಮ್ಮದೇ ದನಿಯಲ್ಲಿ ಕರೆ ಬರಬಹುದು. ಮನೆಯವರಿಗೆ ಮಾತ್ರ ತಿಳಿದ ಒಂದು ಗುಟ್ಟು ಪದ ಇಟ್ಟುಕೊಳ್ಳಿ. ಅದು ಫೇಸ್‌ಬುಕ್‌ನಲ್ಲಿ ಎಲ್ಲೂ ಇಲ್ಲದ ಪದವಾಗಿರಲಿ, ಹಳೆಯ ಹಸುವಿನ ಹೆಸರೋ ಹೊಲದ ಹೆಸರೋ. ಅವಸರದ ಕರೆ ಬಂದರೆ ಅದನ್ನು ಕೇಳಲಿ, ಇಲ್ಲವೇ ಕರೆ ಕಡಿದು ನಿಮ್ಮ ಸಂಖ್ಯೆಗೆ ತಾವೇ ಕರೆ ಮಾಡಲಿ.

## ಬ್ರೌಸರ್, ಇಮೇಲ್, ವಿಪಿಎನ್

ಇನ್‌ಕಾಗ್ನಿಟೊದಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?

ಅದೇ ಫೋನು ಹಿಡಿಯುವ ಮುಂದಿನವರಿಗೆ ಗೊತ್ತಾಗುವುದಿಲ್ಲ. ಇಂಟರ್‌ನೆಟ್ ಕಂಪನಿಗೆ, ಆಫೀಸಿನ ನೆಟ್‌ವರ್ಕಿಗೆ, ನೀವು ಹೋದ ತಾಣಕ್ಕೆ ಗೊತ್ತಾಗುತ್ತದೆ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಲಾಗಿನ್ ಆಗಬೇಕಾದಾಗ ಬಳಸಿ, ಅದಕ್ಕೆ ಒಳ್ಳೆಯದು.

ಹಾಗಾದರೆ ಯಾವ ಬ್ರೌಸರ್?

ಫೈರ್‌ಫಾಕ್ಸ್, ಅದರೊಳಗೆ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್-ಆನ್. ಆಂಡ್ರಾಯ್ಡ್ ಫೋನಿನಲ್ಲೂ ಹಾಕಬಹುದು. ಇದು ಜಾಹೀರಾತನ್ನಷ್ಟೇ ಅಲ್ಲ, "ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂದು ಕಿರುಚುವ ನಕಲಿ ಕಿಟಕಿಗಳನ್ನೂ ಹಿಂಬಾಲಿಸುವ ಕೋಡನ್ನೂ ತಡೆಯುತ್ತದೆ, ಡೇಟಾ ಸಹ ಉಳಿಯುತ್ತದೆ. ಕ್ರೋಮ್ 2025ರಲ್ಲಿ ಪೂರ್ಣ ಯುಬ್ಲಾಕ್ ಒರಿಜಿನ್‌ಗೆ ಬೆಂಬಲ ನಿಲ್ಲಿಸಿತು, ಅಲ್ಲಿ ಶಕ್ತಿ ಕಡಿಮೆಯಾದ ಲೈಟ್ ಆವೃತ್ತಿ ಮಾತ್ರ. ಏನನ್ನೂ ಜೋಡಿಸದೆ ಬಳಸಬೇಕೆಂದರೆ ಬ್ರೇವ್ ಬ್ರೌಸರ್. ಕೆಲವು ಸರ್ಕಾರಿ ತಾಣ, ಬ್ಯಾಂಕಿನ ತಾಣ ತೊಂದರೆ ಕೊಟ್ಟರೆ ಆ ತಾಣಕ್ಕೆ ಮಾತ್ರ ಯುಬ್ಲಾಕ್‌ನ ಗುಂಡಿ ಒತ್ತಿ ಆರಿಸಿ. ಹುಡುಕಾಟಕ್ಕೆ ಡಕ್‌ಡಕ್‌ಗೋ ಸಾಕು, ಕನ್ನಡದ ಹುಡುಕಾಟ ಅಲ್ಲಿ ಸ್ವಲ್ಪ ಸೊರಗುತ್ತದೆ, ಆಗ ಗೂಗಲ್‌ಗೆ ಹೋಗಿ.

ವಿಪಿಎನ್ ಬೇಕಾ? ಭಾರತದಲ್ಲಿ ಅದು ಕಾನೂನುಬಾಹಿರ ಅಂತಾರಲ್ಲ?

ಬಳಸುವುದು ಅಪರಾಧವಲ್ಲ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮುಂತಾದ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತು. ಅದನ್ನು ಒಪ್ಪದ ಹಲವು ಕಂಪನಿಗಳು ಭಾರತದಲ್ಲಿನ ಸರ್ವರ್‌ಗಳನ್ನು ತೆಗೆದವು.

ವಿಪಿಎನ್ ಮಾಡುವುದು ಇಷ್ಟೇ: ನೀವು ಯಾವ ತಾಣಕ್ಕೆ ಹೋಗುತ್ತೀರಿ ಎಂಬುದನ್ನು ಇಂಟರ್‌ನೆಟ್ ಕಂಪನಿಯಿಂದ ಮರೆಮಾಡಿ ವಿಪಿಎನ್ ಕಂಪನಿಗೆ ತೋರಿಸುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗ. ಹೆಸರಿಲ್ಲದ ಉಚಿತ ವಿಪಿಎನ್ ಹಾಕುವುದೆಂದರೆ ಆ ನಂಬಿಕೆಯನ್ನು ದಾರಿಹೋಕನಿಗೆ ಕೊಟ್ಟಂತೆ. ಹೋಟೆಲು, ವಿಮಾನ ನಿಲ್ದಾಣದ ವೈಫೈ ಹೆಚ್ಚು ಬಳಸುವವರಿಗೆ ಪ್ರೋಟಾನ್ ವಿಪಿಎನ್‌ನ ಉಚಿತ ಯೋಜನೆ ಸಾಕು. ದುಡ್ಡು ಕೊಡುವವರಿಗೆ ಸ್ವೀಡನ್ನಿನ ಮುಲ್‌ವಾಡ್: ತಿಂಗಳಿಗೆ 5 ಯೂರೊ, ಖಾತೆಗೆ ಇಮೇಲ್ ಸಹ ಕೇಳುವುದಿಲ್ಲ. ಮನೆಯ ಇಂಟರ್‌ನೆಟ್ಟಿನಲ್ಲಿ ಸುಮ್ಮನೆ ಓದುವವರಿಗೆ ವಿಪಿಎನ್ ಅಗತ್ಯವಿಲ್ಲ.

ಆ್ಯಪ್ ಹಾಕದೆ ಜಾಹೀರಾತು, ಮೋಸದ ತಾಣ ತಡೆಯೋಕೆ ಆಗುತ್ತಾ?

ಆಂಡ್ರಾಯ್ಡ್ 9 ಮತ್ತು ಮೇಲಿನದರಲ್ಲಿ ಆಗುತ್ತದೆ. ತಾಣದ ಹೆಸರು ಕೊಟ್ಟರೆ ಅದು ಎಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆ ಡಿಎನ್‌ಎಸ್. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರೈವೇಟ್ ಡಿಎನ್‌ಎಸ್ ತೆರೆದು ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ವಂಚನೆಯ ತಾಣಗಳೆಂದು ಗುರುತಾದವು ತೆರೆಯುವುದೇ ಇಲ್ಲ. ಜಾಹೀರಾತೂ ಬೇಡವಾದರೆ ಕ್ವಾಡ್9 ಬದಲು ಆ್ಯಡ್‌ಗಾರ್ಡ್‌ನ ವಿಳಾಸ ಹಾಕಿ. ಹೋಟೆಲಿನ ವೈಫೈ ಲಾಗಿನ್ ಪುಟ ಬಾರದಿದ್ದರೆ ಕಾರಣ ಹೆಚ್ಚಾಗಿ ಇದೇ. ಸ್ವಲ್ಪ ಹೊತ್ತು ಆಟೊಮ್ಯಾಟಿಕ್‌ಗೆ ಬದಲಿಸಿ.

ಜಿಮೇಲ್ ಬಿಡಬೇಕಾ?

ಬಿಡಲೇಬೇಕೆಂದಿಲ್ಲ. ವೈಯಕ್ತಿಕ ಪತ್ರಗಳಿಗೆ ಪ್ರೋಟಾನ್ ಮೇಲ್ ಅಥವಾ ಟೂಟಾ ಒಳ್ಳೆಯವು. ಆದರೆ ಬ್ಯಾಂಕು, ಪಾಸ್‌ಪೋರ್ಟು ಎಲ್ಲವನ್ನೂ ಒಂದೇ ವಿಳಾಸಕ್ಕೆ ಕಟ್ಟಬೇಡಿ. 2025ರ ಏಪ್ರಿಲ್‌ನಲ್ಲಿ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಪ್ರೋಟಾನ್ ಮೇಲ್ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತ್ತು. ಯಾವ ಸೇವೆಯೂ ಒಂದು ದಿನ ತೆರೆಯದೇ ಹೋಗಬಹುದು, ಬದಲಿ ವಿಳಾಸ ಇರಲಿ. ಅಂಗಡಿ, ಆಟದ ಆ್ಯಪ್‌ಗಳಿಗೆ ಸಿಂಪಲ್‌ಲಾಗಿನ್ ಅಥವಾ ಫೈರ್‌ಫಾಕ್ಸ್ ರಿಲೇ ಕೊಡುವ ಮರೆ ವಿಳಾಸ ಬಳಸಿ, ಅದಕ್ಕೆ ಬಂದ ಪತ್ರ ನಿಮ್ಮ ಅಸಲಿ ವಿಳಾಸಕ್ಕೆ ತಲುಪುತ್ತದೆ. ಒಂದೊಂದು ಅಂಗಡಿಗೆ ಒಂದೊಂದು ಕೊಟ್ಟರೆ ಯಾರು ಸೋರಿಸಿದರೆಂದೂ ತಿಳಿಯುತ್ತದೆ.

ನನ್ನ ಮಾಹಿತಿ ಅಳಿಸಿ ಅಂತ ಕಂಪನಿಗೆ ಕೇಳೋ ಹಕ್ಕಿದೆಯಾ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಇಟ್ಟಿದ್ದಾರೆ. ಅಲ್ಲಿಯವರೆಗೂ ಕಾಯಬೇಕಿಲ್ಲ. ಆ್ಯಪ್ ತೆಗೆಯುವ ಮುಂಚೆ ಒಳಗಿನಿಂದ ಖಾತೆಯನ್ನು ಡಿಲೀಟ್ ಮಾಡಿ. ಆ್ಯಪ್ ಅಳಿಸಿದರೆ ಖಾತೆ ಅಳಿಯುವುದಿಲ್ಲ.

## ಸುದ್ದಿ ತಿಳಿಯುವ ದಾರಿ

ಫೇಸ್‌ಬುಕ್ ತೋರಿಸಿದ್ದನ್ನೇ ನೋಡ್ತಾ ಕೂತಿರ್ತೀನಿ. ಬೇರೆ ದಾರಿ ಇದೆಯಾ?

ಆರ್‌ಎಸ್‌ಎಸ್ ಫೀಡ್ ರೀಡರ್. (ಸಂಘಟನೆಗೂ ಇದಕ್ಕೂ ಸಂಬಂಧವಿಲ್ಲ, ಮೂರಕ್ಷರ ಒಂದೇ.) ನೀವು ಆರಿಸಿದ ಪತ್ರಿಕೆ, ಬ್ಲಾಗು, ಯೂಟ್ಯೂಬ್ ಚಾನೆಲುಗಳಲ್ಲಿ ಹೊಸದು ಬಂದಾಗ ಸಮಯದ ಅನುಕ್ರಮದಲ್ಲಿ ಒಂದೇ ಕಡೆ ತೋರಿಸುತ್ತದೆ. ಕೆರಳಿಸುವುದನ್ನು ಮೇಲೆತ್ತುವ ಯಂತ್ರ ನಡುವೆ ಇಲ್ಲ, ನೀವು ಏನು ಓದಿದಿರೆಂದು ಬರೆದುಕೊಳ್ಳುವವರೂ ಇಲ್ಲ. ಆಂಡ್ರಾಯ್ಡ್‌ಗೆ ಫೀಡರ್, ಐಫೋನ್‌ಗೆ ನೆಟ್‌ನ್ಯೂಸ್‌ವೈರ್, ಕಂಪ್ಯೂಟರಿಗೆ ಥಂಡರ್‌ಬರ್ಡ್, ಮೂರೂ ಉಚಿತ. ಕೂಡುವ ಗುರುತು ಒತ್ತಿ ತಾಣದ ವಿಳಾಸ ಅಂಟಿಸಿ. ಫೀಡ್ ಸಿಗದಿದ್ದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ಫೀಡ್ ಎಂದು ಸೇರಿಸಿ ನೋಡಿ, ವರ್ಡ್‌ಪ್ರೆಸ್ ತಾಣಗಳಲ್ಲಿ ಹೆಚ್ಚಾಗಿ ಕೆಲಸ ಮಾಡುತ್ತದೆ.

ಐವತ್ತು ತಾಣ ಸೇರಿಸಬೇಡಿ, ವಾರದಲ್ಲಿ ಬಿಟ್ಟುಬಿಡುತ್ತೀರಿ. ಬೇರೆ ಬೇರೆ ಒಲವಿನ ಎರಡು ಕನ್ನಡ ಪತ್ರಿಕೆ, ನಿಮ್ಮ ಜಿಲ್ಲೆಯದೊಂದು, ಇಂಗ್ಲಿಷಿನದೊಂದು, ನಿಮ್ಮ ವೃತ್ತಿಯದೊಂದು ಸಾಕು.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ, ವಿಡಿಯೊ ನಿಜವಾ ಅಂತ ನೋಡೋದು ಹೇಗೆ?

ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಡಿ, ಅದೇ ಚಿತ್ರ ಬೇರೆಲ್ಲಿದೆ ಎಂದು ಹುಡುಕಿಕೊಡುತ್ತದೆ. ಟಿನ್‌ಐ ತಾಣದಲ್ಲಿ "ಹಳೆಯದು ಮೊದಲು" ಎಂದು ಜೋಡಿಸಿದರೆ ಚಿತ್ರ ಮೊದಲು ಯಾವಾಗ ಕಾಣಿಸಿತೆಂದು ತಿಳಿಯುತ್ತದೆ. ಇವತ್ತಿನದೆಂಬ ಪ್ರವಾಹದ ಚಿತ್ರ ಬೇರೆ ರಾಜ್ಯದ್ದು, ಐದು ವರ್ಷ ಹಳೆಯದ್ದು ಎಂದು ಹೀಗೇ ಸಿಕ್ಕಿಬೀಳುವುದು. ವಿಡಿಯೊ ಆದರೆ ಮೂರುನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದೇ ಮಾಡಿ. ಅಂಗಡಿ ಫಲಕದ ಲಿಪಿ, ಬಸ್ಸಿನ ಬಣ್ಣ, ವಾಹನದ ನಂಬರ್ ಪ್ಲೇಟು ನೋಡಿ. ಮಂಡ್ಯದ್ದು ಎಂದ ವಿಡಿಯೊದಲ್ಲಿ ಬೋರ್ಡೆಲ್ಲ ಬಂಗಾಳಿಯಲ್ಲಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಪತ್ರಿಕೆಯ ತುಣುಕು ಬಂದರೆ ಆ ದಿನದ ಇ-ಪೇಪರ್ ತೆರೆದು ಆ ಪುಟ ನೋಡಿ, ತುಣುಕು ತಯಾರಿಸುವುದು ಐದು ನಿಮಿಷದ ಕೆಲಸ. ಕನ್ನಡದಲ್ಲಿ ನ್ಯೂಸ್‌ಚೆಕರ್ ಸತ್ಯಶೋಧನೆ ಪ್ರಕಟಿಸುತ್ತದೆ, ಇಂಗ್ಲಿಷಿನಲ್ಲಿ ಬೂಮ್, ಆಲ್ಟ್ ನ್ಯೂಸ್, ಫ್ಯಾಕ್ಟ್ಲಿ ಇವೆ. ಪಿಐಬಿ ಫ್ಯಾಕ್ಟ್ ಚೆಕ್ ಸರ್ಕಾರವೇ ನಡೆಸುವ ಘಟಕ. ನಕಲಿ ಯೋಜನೆ, ನಕಲಿ ನೇಮಕಾತಿ ಪತ್ರ ಪತ್ತೆಗೆ ಉಪಯುಕ್ತ, ಸರ್ಕಾರದ ಮೇಲಿನ ಟೀಕೆ ಸರಿಯೇ ತಪ್ಪೇ ತಿಳಿಯಲು ಅದೊಂದನ್ನೇ ನೆಚ್ಚಬೇಡಿ.

ನಾಳೆ ಮಳೆ ರಜೆ, ರಿಸಲ್ಟ್ ಲಿಂಕ್ ಅಂತೆಲ್ಲ ಬರುತ್ತೆ. ಸರಿಯಾದ ಜಾಗ ಯಾವುದು?

ಬಂದ ಲಿಂಕ್ ಒತ್ತಬೇಡಿ, ಮೂಲಕ್ಕೆ ನೀವೇ ಹೋಗಿ. ರಜೆಗೆ ಜಿಲ್ಲಾಧಿಕಾರಿಯ ಅಧಿಕೃತ ಖಾತೆ. ಆದೇಶದ ಮೇಲಿನ ದಿನಾಂಕ ಮೊದಲು ಓದಿ, ಹಿಂದಿನ ವರ್ಷದ್ದೇ ಮತ್ತೆ ಸುತ್ತುತ್ತಿರುತ್ತದೆ. ಮಳೆಗೆ ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಸಿಡಿಲಿಗೆ ದಾಮಿನಿ ಆ್ಯಪ್. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶಕ್ಕೆ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪ್ರಕಟಿಸುವ ತಾಣ.

ಸರ್ಕಾರಿ ತಾಣದ ವಿಳಾಸವನ್ನು ಬಲಗಡೆಯಿಂದ ಓದಲು ಕಲಿಯಿರಿ. ಶುರುವಿನ https:// ಬಿಟ್ಟು, ಮೊದಲ ಓರೆಗೆರೆಗೆ ಮುಂಚಿನ ಕೊನೆಯ ಭಾಗ ಹೆಚ್ಚಾಗಿ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಆಗಿರುತ್ತದೆ. ನಡುವೆ ಎಲ್ಲೋ ಕರ್ನಾಟಕ, ಗವ್ ಎಂದಿದ್ದು ಕೊನೆಗೆ ಬೇರೇನೋ ಇದ್ದರೆ ಅದು ನಕಲಿ.

ಡಿಜಿಟಲ್ ಹಕ್ಕುಗಳ ಬಗ್ಗೆ ಯಾರನ್ನು ಓದಬೇಕು?

ದೆಹಲಿಯ ಇಂಟರ್‌ನೆಟ್ ಫ್ರೀಡಂ ಫೌಂಡೇಶನ್, ಸುದ್ದಿ ತಾಣ ಮೀಡಿಯಾನಾಮಾ, ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ. ಕೈಹಿಡಿದು ಕಲಿಸುವವರು ಬೇಕಾದರೆ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ. ಉಪಕರಣಗಳ ಹೋಲಿಕೆಗೆ ಪ್ರೈವಸಿ ಗೈಡ್ಸ್ ತಾಣ.

## ಹೆಚ್ಚಿನ ಅಪಾಯ ಇರುವವರಿಗೆ

ನಾನು ಪತ್ರಕರ್ತ. ಮೂಲಗಳನ್ನು ಕಾಪಾಡೋಕೆ ಇನ್ನೇನು ಬೇಕು?

ಮೇಲಿನದೆಲ್ಲ ಮಾಡಿದ ಮೇಲೆ ಇವು. ಐಫೋನ್‌ನಲ್ಲಿ ಲಾಕ್‌ಡೌನ್ ಮೋಡ್, ಆಂಡ್ರಾಯ್ಡ್ 16ರಲ್ಲಿ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಆನ್ ಮಾಡಿ. ಪೆಗಾಸಸ್‌ನಂಥ ಗೂಢಚಾರ ತಂತ್ರಾಂಶ ನುಗ್ಗುವ ಹಲವು ಕಿಂಡಿಗಳನ್ನು ಇವು ಮುಚ್ಚುತ್ತವೆ. ದಿನಕ್ಕೊಮ್ಮೆ ಫೋನ್ ರಿಸ್ಟಾರ್ಟ್ ಮಾಡಿ. ಬೆರಳಚ್ಚು ಬಿಟ್ಟು ಉದ್ದನೆಯ ಪಾಸ್‌ವರ್ಡ್ ಇಡಿ. ಸಿಗ್ನಲ್‌ನಲ್ಲಿ ಸಂದೇಶ ತಾನಾಗಿ ಅಳಿಯುವ ಅವಧಿ ಹೊಂದಿಸಿ. ಇಮೇಲ್‌ಗೆ ಯುಎಸ್‌ಬಿ ಸೆಕ್ಯುರಿಟಿ ಕೀ (ಲಾಗಿನ್ ಆಗುವಾಗ ಸಿಕ್ಕಿಸುವ ಪುಟ್ಟ ಸಾಧನ) ಬಳಸಿ, ಎರಡು ಕೊಳ್ಳಿ, ಒಂದು ಕಳೆದರೆ ಇನ್ನೊಂದು ಇರಲಿ. ಅಪರಿಚಿತರ ಪಿಡಿಎಫ್ ಅನ್ನು ಡೇಂಜರ್‌ಝೋನ್ ಎಂಬ ತಂತ್ರಾಂಶದಲ್ಲಿ ಹಾಯಿಸಿ, ಅದು ಪುಟಗಳನ್ನು ಚಿತ್ರವಾಗಿ ಮಾಡಿ ವಿಷ ಕಳೆದು ಕೊಡುತ್ತದೆ.

ಫೋಟೋ ಕಳಿಸುವಾಗ ಎಚ್ಚರ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಒಳಗಿನ ಸ್ಥಳದ ಗುರುತು ಅಳಿಯುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗುತ್ತದೆ. ಗುಣಮಟ್ಟ ಉಳಿಯಲೆಂದು ಡಾಕ್ಯುಮೆಂಟ್ ಆಗಿ ಕಳಿಸುವ ರೂಢಿ ಸುದ್ದಿಮನೆಗಳಲ್ಲಿ ಹೆಚ್ಚು, ಮಾಹಿತಿ ಕೊಟ್ಟವರ ಮನೆ ವಿಳಾಸ ಬಯಲಾಗುವುದು ಹೀಗೆ.

ಟಾರ್ ಬ್ರೌಸರ್ ಬಳಸಬಹುದಾ?

ಬಳಸಬಹುದು. ನಿಮ್ಮ ಸಂಪರ್ಕ ಮೂರು ಕೊಂಡಿಗಳ ಮೂಲಕ ಹಾಯುತ್ತದೆ, ಯಾವ ಒಂದು ಕೊಂಡಿಗೂ ನೀವು ಯಾರು, ಎಲ್ಲಿಗೆ ಹೋಗುತ್ತೀರಿ ಎಂಬ ಎರಡೂ ಒಟ್ಟಿಗೆ ತಿಳಿಯದು. ನಿಧಾನ, ಹಲವು ತಾಣಗಳು ತೆರೆಯುವುದಿಲ್ಲ. ಅದರಲ್ಲಿ ನಿಮ್ಮ ಹೆಸರಿನ ಖಾತೆಗೆ ಲಾಗಿನ್ ಆದರೆ ಅಡಗಿದ್ದು ವ್ಯರ್ಥ. ಬ್ಯಾಂಕಿಗೆ ಬಳಸಬೇಡಿ, ಖಾತೆ ತಡೆಹಿಡಿದಾರು.

ಎಲ್ಲ ಇಷ್ಟು ಭದ್ರ ಮಾಡಿಟ್ಟರೆ, ನನಗೇನಾದರೂ ಆದರೆ ಮನೆಯವರ ಗತಿ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ಗೂಗಲ್ ಖಾತೆಯಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ತೆರೆದು, ಇಷ್ಟು ತಿಂಗಳು ನೀವು ಬಾರದಿದ್ದರೆ ಯಾರಿಗೆ ಏನು ಕೊಡಬೇಕೆಂದು ಬರೆಯಿರಿ. ಐಫೋನ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಇದೆ. ಬಿಟ್‌ವಾರ್ಡನ್‌ನ ಹಣ ಕೊಟ್ಟ ಖಾತೆಯಲ್ಲಿ ಎಮರ್ಜೆನ್ಸಿ ಆ್ಯಕ್ಸೆಸ್ ಸಿಗುತ್ತದೆ: ನೀವು ನೇಮಿಸಿದವರು ಕೇಳಿದ ಮೇಲೆ ನಿಗದಿಯಾದಷ್ಟು ದಿನ ನೀವು ನಿರಾಕರಿಸದಿದ್ದರೆ ತೆರೆಯುತ್ತದೆ. ಇದ್ಯಾವುದೂ ಬೇಡವೆಂದರೆ ಒಂದು ಹಾಳೆ ಸಾಕು. ಫೋನಿನ ಪಿನ್, ಮುಖ್ಯ ಪಾಸ್‌ವರ್ಡ್, ಬ್ಯಾಕಪ್ ಕೋಡ್‌ಗಳು, ಯಾವ ಬ್ಯಾಂಕಿನಲ್ಲಿ ಏನಿದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಮನೆ ಪತ್ರಗಳ ಜೊತೆ ಇಡಿ. ಎಲ್ಲಿದೆ ಎಂದು ಒಬ್ಬರಿಗಾದರೂ ಹೇಳಿ. ಪಾಸ್‌ವರ್ಡ್ ಬದಲಿಸಿದ ದಿನ ಹಾಳೆಯನ್ನೂ ಬದಲಿಸಿ.